ಅಪ್‌ಡೇಟ್: ಕತ್ತರಿಸದೆ ಬಿಟ್ಟ ಹೈಡ್ರೇಂಜಿಯಾ ಹೂ ಬಿಟ್ಟಿತು

ಮಳೆಗಾಲ ಮುಗಿದ ಮೇಲೆ ಹೈಡ್ರೇಂಜಿಯಾ ಗಿಡಗಳನ್ನು ಬುಡಮಟ್ಟ ಕತ್ತರಿಸಬೇಕೆ, ನೀಲಿಯಿದ್ದ ಹೂಗಳು ಗುಲಾಬಿಗೆ ತಿರುಗಿದ್ದೇಕೆ ಎಂದು ಕಳೆದ ಅಕ್ಟೋಬರಿನಲ್ಲಿ ತೀರ್ಥಹಳ್ಳಿಯಿಂದ ಕೇಳಿದ್ದೆ. ಕತ್ತರಿ ಹಾಕಬೇಡಿ, ಬೂದಿ ಸುರಿಯುವುದನ್ನು ನಿಲ್ಲಿಸಿ ಎಂದು ನೀವು ಹೇಳಿದ್ದಿರಿ.

ದೊಡ್ಡೆಲೆಯ ಈ ಜಾತಿಯು ಮುಂದಿನ ವರ್ಷದ ಹೂಮೊಗ್ಗನ್ನು ಹಳೆಯ ರೆಂಬೆಯ ತುದಿಯಲ್ಲಿಯೇ ಕಟ್ಟಿಕೊಳ್ಳುವುದರಿಂದ, ನಾನು ಪ್ರತಿ ವರ್ಷ ದೀಪಾವಳಿಯ ಹೊತ್ತಿಗೆ ‘ಚೊಕ್ಕಟ’ ಮಾಡುತ್ತಿದ್ದುದು ಹೂವನ್ನೇ ಕತ್ತರಿಸಿದಂತಾಗುತ್ತಿತ್ತು. ಈ ಸಲ ಒಣಗಿದ ಹೂಗೊಂಚಲನ್ನು ಮಾತ್ರ, ಅದರ ಕೆಳಗಿನ ಮೊದಲ ದಪ್ಪ ಮೊಗ್ಗಿನ ಜೋಡಿಯ ಮೇಲೆ ತೆಗೆದೆ. ಐದು ಗಿಡಗಳಲ್ಲಿ ನಾಲ್ಕು ತುಂಬಾ ಹೂ ಬಿಟ್ಟವು. ನಾನು ಕೇಳುವ ಮೊದಲೇ ಬೋಳಿಸಿದ್ದ ಐದನೆಯದು ಬರೀ ಸೊಪ್ಪಾಗಿ ನಿಂತಿದೆ.

ಬಚ್ಚಲೊಲೆಯ ಬೂದಿಯೇ ಬಣ್ಣದ ಬದಲಾವಣೆಗೆ ಕಾರಣವೆಂಬುದನ್ನು ನಂಬಲು ನನಗೆ ಸಮಯ ಹಿಡಿಯಿತು. ನಮ್ಮ ಕೆಮ್ಮಣ್ಣು ಸ್ವಭಾವತಃ ಹುಳಿಯಾದುದರಿಂದ ಬೇರು ಅಲ್ಯೂಮಿನಿಯಮ್ ಹೀರಿಕೊಂಡು ಹೂ ನೀಲಿಯಾಗುತ್ತದೆ. ಬೂದಿ ಆ ಹುಳಿಯನ್ನು ತಗ್ಗಿಸಿದಾಗ ಅಲ್ಯೂಮಿನಿಯಮ್ ಬೇರಿಗೆ ದಕ್ಕುವುದಿಲ್ಲ. ಬೂದಿಯನ್ನು ಈಗ ತೆಂಗಿನ ಬುಡಕ್ಕೆ ಹಾಕುತ್ತಿದ್ದೇನೆ. ಎರಡು ಗಿಡ ಪೂರ್ಣ ನೀಲಿಗೆ ಮರಳಿವೆ, ಉಳಿದೆರಡು ಇನ್ನೂ ನೇರಳೆಯಲ್ಲಿವೆ.

ಚಳಿಗೆ ಗೋಣಿ ಸುತ್ತುವ ಸಲಹೆಯನ್ನು ಮಾತ್ರ ಪಾಲಿಸಲಿಲ್ಲ. ಅದು ಹಿಮ ಬೀಳುವ ದೇಶಗಳ ಮಾತು. ಬದಲಿಗೆ ಕಾಂಡಕ್ಕೆ ತಾಗದಂತೆ ಮೂರು ಇಂಚು ದರಕು (ಒಣಗಿದ ತರಗೆಲೆ) ಹರಡಿದ್ದರಿಂದ ಮಾರ್ಚಿನ ಬಿಸಿಲಿನಲ್ಲಿಯೂ ಬುಡದ ತೇವ ಉಳಿಯಿತು.