ಆನ್‌ಲೈನ್‌ನಲ್ಲಿ ಮಾರುವ ಕೈಮಗ್ಗದ ಸೀರೆಗೆ ಮಳೆಗಾಲವನ್ನೂ ತಾಳುವ, ಕಸವನ್ನೂ ಹೆಚ್ಚಿಸದ ಹೊದಿಕೆ ಯಾವುದು?

ಸೀರೆ ವ್ಯಾಪಾರಿ, ಉಡುಪಿ:
ನಾನು ಇಲ್ಲಿಯ ನೇಕಾರರಿಂದ ಹತ್ತಿ ಸೀರೆಗಳನ್ನು ಪಡೆದು ಆನ್‌ಲೈನ್‌ನಲ್ಲಿ ಮಾರುತ್ತೇನೆ. ಮೊದಲು ಪ್ರತಿ ಸೀರೆಗೂ ಒಳಗೊಂದು ಪಾರದರ್ಶಕ ಪ್ಲಾಸ್ಟಿಕ್ ತೊಟ್ಟೆ (ಕವರ್), ಅದರ ಮೇಲೆ ತೆಳುಕಾಗದ, ಆಮೇಲೆ ರಟ್ಟಿನ ಪೆಟ್ಟಿಗೆ, ಹೊರಗೆ ಕೊರಿಯರ್‌ನವರ ಪ್ಲಾಸ್ಟಿಕ್ ಲಕೋಟೆ ಎಂದು ನಾಲ್ಕು ಹೊದಿಕೆಗಳಿರುತ್ತಿದ್ದವು. ಕಳೆದ ಜೂನ್‌ನಲ್ಲಿ ಇವೆಲ್ಲವನ್ನೂ ಬಿಟ್ಟು ಬರಿಯ ಕಂದು ಕಾಗದದಲ್ಲಿ ಕಟ್ಟಿ ಕಳುಹಿಸಲು ತೊಡಗಿದೆ. ಮೂರನೆಯ ವಾರಕ್ಕೇ ಪುಣೆಗೆ ಹೋದ ಪಾರ್ಸೆಲ್ ಒದ್ದೆಯಾಗಿ ತಲುಪಿತು. ಕೆಂಪು ಅಂಚಿನ ಬಣ್ಣ ಸೀರೆಯ ಒಡಲಿಗೆ ಇಳಿದಿತ್ತು. ನೇಕಾರರ ಹಲವು ದಿನಗಳ ದುಡಿಮೆಯನ್ನು ಕಾಪಾಡದ ಹೊದಿಕೆಯನ್ನು ಪರಿಸರಸ್ನೇಹಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಗೊಬ್ಬರವಾಗುತ್ತದೆಂದು ಹೇಳಿ ಮಾರುವ ಕವರ್‌ಗಳನ್ನು ನಂಬಬಹುದೆ? ನಮ್ಮಲ್ಲಿ ಧಾರಾಳವಾಗಿ ಸಿಗುವ ಅಡಿಕೆ ಹಾಳೆಯಿಂದ ಏನಾದರೂ ಮಾಡಬಹುದೆ?

ರಟ್ಟಿನ ಕೆಲಸದವ, ಬೈಕಂಪಾಡಿ:
ಮೊದಲು ಪೆಟ್ಟಿಗೆಯನ್ನು ಬಿಡಿ. ಸೀರೆ ಒಡೆಯುವ ವಸ್ತುವಲ್ಲ, ಅದಕ್ಕೆ ಪೆಟ್ಟಿಗೆ ಬೇಡ. ಮೇಲಾಗಿ ತೇವ ಹೀರಿದ ರಟ್ಟು ಬಲ ಕಳೆದುಕೊಳ್ಳುತ್ತದೆ. ಖರ್ಚಿನ ಲೆಕ್ಕವೂ ಇದೆ. ಹಲವು ಕೊರಿಯರ್‌ಗಳು ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸಿ, ಬಂದ ಕಿಲೋ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ದರ ಹಾಕುತ್ತವೆ. 30×25×8 ಪೆಟ್ಟಿಗೆ ಹೀಗೆ 1.2 ಕಿಲೋ ಆಗುತ್ತದೆ. ಅದೇ ಸೀರೆ ಅಷ್ಟೇ ಉದ್ದಗಲದ, 3 ಸೆಂಟಿಮೀಟರ್ ದಪ್ಪದ ಚಪ್ಪಟೆ ಲಕೋಟೆಯಲ್ಲಿ 450 ಗ್ರಾಂ. ಲಕೋಟೆಯ ಬಾಯಿಗೆ ಎರಡು ಅಂಟುಪಟ್ಟಿಗಳನ್ನು ಮಾಡಿಸಿದರೆ, ಸೀರೆ ಹಿಂದಿರುಗಿಸುವ ಗಿರಾಕಿ ಮೊದಲನೆಯದನ್ನು ಹರಿದು, ಎರಡನೆಯದನ್ನು ಅಂಟಿಸಿ ಅದರಲ್ಲೇ ಕಳುಹಿಸಬಹುದು.

ಅಡಿಕೆ ಹಾಳೆಯನ್ನು ಊಟದ ತಟ್ಟೆಗೆ ಬಿಟ್ಟುಬಿಡಿ. ಅದು ಮಡಚಿದಲ್ಲಿ ಸೀಳುತ್ತದೆ, ಮಳೆಗಾಲದಲ್ಲಿ ಬೂಸಲು ಹಿಡಿಯುತ್ತದೆ.

ಒಣಕಸ ವಿಂಗಡಿಸುವವಳು, ಕಾರ್ಕಳ:
ನೀವು ಕಳುಹಿಸಿದ್ದು ಕೊನೆಗೆ ನಮ್ಮಂಥವರ ಕೈಗೇ ಬರುವುದರಿಂದ ಈ ಮಾತು. ಒಂದೇ ಬಗೆಯ ಪ್ಲಾಸ್ಟಿಕ್‌ನಿಂದಾದ, ಬಣ್ಣವಿಲ್ಲದ, ಶುಭ್ರವಾದ ಕವರ್‌ಗೆ ಮರುಬಳಕೆಯಲ್ಲಿ ಬೆಲೆಯಿದೆ. ಹೊರಗೆ ಕಾಗದ, ಒಳಗೆ ಗುಳ್ಳೆ ಪ್ಲಾಸ್ಟಿಕ್ ಅಂಟಿಸಿದ ಲಕೋಟೆ ನೋಡಲು ಸಾತ್ವಿಕ, ಆದರೆ ಎರಡನ್ನೂ ಬೇರ್ಪಡಿಸಲಾಗದೆ ಗುಜರಿಯವರೂ ಒಯ್ಯುವುದಿಲ್ಲ. ಬಹುಮಟ್ಟಿಗೆ ಅದು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಹೋಗುತ್ತದೆ. ಗೊಬ್ಬರವಾಗುವ ಕವರ್‌ಗೆ ಐಎಸ್ 17088 ಎಂಬ ಭಾರತೀಯ ಮಾನದಂಡವಿದೆ, ಆದರೆ ಅದು ಹೇಳುವುದು ಹೆಚ್ಚಿನ ಉಷ್ಣತೆಯನ್ನು ಕಾಯ್ದುಕೊಳ್ಳುವ ದೊಡ್ಡ ಗೊಬ್ಬರ ಘಟಕದ ಮಾತನ್ನು, ನಮ್ಮ ತೆಂಗಿನ ಬುಡದ ಮಾತನ್ನಲ್ಲ. ಅಂಥ ಕವರ್ ಸಾಮಾನ್ಯ ಪ್ಲಾಸ್ಟಿಕ್ ಜೊತೆ ಬೆರೆತರೆ ಮರುಬಳಕೆಯ ಸರಕೂ ಕೆಡುತ್ತದೆ.

ನನ್ನ ಅಭಿಪ್ರಾಯದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದೇ ಒಂದು ಪಾರದರ್ಶಕ ಕವರ್ ಒಳಗಿರಲಿ, ಹೊರಗೆ ಕಾಗದದ ಲಕೋಟೆಯಿರಲಿ, ಎರಡನ್ನೂ ಪರಸ್ಪರ ಅಂಟಿಸಬೇಡಿ. ವಿಳಾಸದ ಚೀಟಿ ಕಾಗದದ ಮೇಲೆಯೇ ಇರಲಿ. ಕೇಂದ್ರದ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮದಂತೆ ಸರಕು ಸುತ್ತುವ ಪ್ಲಾಸ್ಟಿಕ್ ಹಾಳೆ ಸಾಮಾನ್ಯವಾಗಿ 50 ಮೈಕ್ರಾನ್‌ಗಿಂತ ತೆಳ್ಳಗಿರಬಾರದು. ಅನೇಕರು ಗೊಂದಲ ಮಾಡಿಕೊಳ್ಳುವ 120 ಮೈಕ್ರಾನ್‌ನ ಮಿತಿ ಕೈಚೀಲಗಳದ್ದು.

ಮಗ್ಗದ ಮನೆಯವಳು, ಕಿನ್ನಿಗೋಳಿ:
ಹೊರಗಿನ ನೀರಿನ ಬಗ್ಗೆ ಎಲ್ಲರೂ ಹೇಳಿದಿರಿ, ಒಳಗಿನ ತೇವದ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಸೀರೆಯ ಹಾಸಿನ (ಉದ್ದಕ್ಕೆ ಹಾಯುವ) ನೂಲಿಗೆ ಅಕ್ಕಿಗಂಜಿ ಹಾಕಿರುತ್ತೇವೆ. ಮಳೆಗಾಲದ ಗಾಳಿಯಲ್ಲಿ ಥಂಡಿ ಹಿಡಿದ ಸೀರೆಯನ್ನು ಹಾಗೆಯೇ ಕವರ್‌ನೊಳಗೆ ಬಿಗಿದರೆ, ಒಂದು ಹನಿ ನೀರೂ ಒಳಗೆ ಹೋಗದಿದ್ದರೂ ಗಂಜಿಗೆ ಬೂಸಲು ಬರುತ್ತದೆ. ಕಟ್ಟುವ ಮೊದಲು ಬೆಚ್ಚಗಿನ ಕೋಣೆಯಲ್ಲಿ ಬಿಡಿಸಿಟ್ಟು, ಕೈಗೆ ತಂಪು ತಾಗುವುದು ಪೂರ್ತಿ ನಿಂತ ಮೇಲೆಯೇ ಮಡಚಿ. ಹಳೆಯ ಪಂಚೆಯ ತುಂಡಿನಲ್ಲಿ ಸೀರೆ ಸುತ್ತಿ ಲಾವಂಚದ ಬೇರು ಇಡುತ್ತಿದ್ದುದು ಪೆಟಾರಿಗೆ ಚೆಂದ. ಪಾರ್ಸೆಲ್‌ಗೆ ಅದು ಬರಿಯ ಭಾರ.

ಸೀರೆ ವ್ಯಾಪಾರಿ, ಉಡುಪಿ:
ಎಲ್ಲರಿಗೂ ವಂದನೆಗಳು. ಗಂಜಿಯ ವಿಷಯ ನನಗೆ ಹೊಳೆದೇ ಇರಲಿಲ್ಲ. ಮಳೆಗಾಲಕ್ಕೆ ಒಂದು ಕವರ್ ಮತ್ತು ಒಂದು ಕಾಗದದ ಲಕೋಟೆ, ಬೇಸಗೆಗೆ ಲಕೋಟೆ ಮಾತ್ರ ಎಂದು ನಿರ್ಧರಿಸಿದ್ದೇನೆ. ಜೋರು ಮಳೆಯ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಒಂದು ಹಳೆಯ ಸೀರೆಯನ್ನು ಹೀಗೆ ಕಟ್ಟಿ, ಮಾಡಿನ ನೀರು ಬೀಳುವಲ್ಲಿ ಹತ್ತು ನಿಮಿಷ ಇಟ್ಟು ನೋಡಿ, ಆದದ್ದನ್ನು ಇಲ್ಲಿಯೇ ತಿಳಿಸುತ್ತೇನೆ. ಬೈಕಂಪಾಡಿಯವರಲ್ಲಿ ಒಂದು ಕೇಳಿಕೆ: ಎರಡು ಅಂಟುಪಟ್ಟಿಯ ಲಕೋಟೆಯನ್ನು ಇನ್ನೂರರಷ್ಟು ಕಡಿಮೆ ಸಂಖ್ಯೆಯಲ್ಲಿಯೂ ಮಾಡಿಕೊಡುತ್ತಾರೆಯೆ?