ಪದ ಬೇಕು: ಬಳಚು ‘ಮೊಟ್ಟೆ ಇಡುತ್ತದೆ’ ಅಂದರೆ ಸರಿಯಾ?

ಎಲ್ಲರಿಗೂ ನಮಸ್ಕಾರ.

ಶಾಲೆ ಮಕ್ಕಳು ನೋಡಲು ಬರುವ ವಸ್ತುಪ್ರದರ್ಶನಕ್ಕೆ ಎರಡು ಫಲಕ ಬರೆಯುತ್ತಿದ್ದೇನೆ. ಒಂದು ಬಳಚಿನದು (ಎರಡು ಚಿಪ್ಪಿನ ನಡುವೆ ಬದುಕುವ ಜಲಜೀವಿ), ಇನ್ನೊಂದು ಸಿಗಡಿಯದು. ನಾಳೆ ಸಂಜೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ಮೂರು ಪದಗಳಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲನೆಯದು ಸ್ಪಾನಿಂಗ್. ಬಳಚಿನಲ್ಲಿ ಹೆಣ್ಣು ಮೊಟ್ಟೆಯನ್ನು, ಗಂಡು ವೀರ್ಯವನ್ನು ನೇರ ನೀರಿಗೇ ಬಿಡುತ್ತವೆ. ಕೂಡುವುದೆಲ್ಲ ನೀರಿನಲ್ಲೇ. ‘ಮೊಟ್ಟೆ ಇಡುವುದು’ ಅಂದರೆ ಗಂಡನ್ನು ಕೈಬಿಟ್ಟಂತಾಯಿತು. ಸೆರೊಟೋನಿನ್ ಅನ್ನುವ ರಾಸಾಯನಿಕ ಚುಚ್ಚಿದರೆ ಇದು ಸ್ವಲ್ಪ ಹೊತ್ತಿನಲ್ಲೇ ಶುರುವಾಗುತ್ತದೆ ಅಂತ ಬರೆಯಬೇಕು, ಹಾಗಾಗಿ ಈ ಪದ ತಪ್ಪಿಸುವಂತಿಲ್ಲ.

ಎರಡನೆಯದು ಸಿಗಡಿಯ ಐಸ್ಟಾಕ್, ಕಣ್ಣು ಕೂತಿರುವ ಕಡ್ಡಿ. ಮೂರನೆಯದು ಹಾರ್ಮೋನ್. ‘ರಸದೂತ’ ಹಾಕಲೋ, ಹಾಗೇ ಬಿಡಲೋ?

– ಸು., ಕುಮಟಾ

---

‘ರಸದೂತ’ ಬೇಡ. ರಸವೂ ಸಂಸ್ಕೃತ, ದೂತನೂ ಸಂಸ್ಕೃತ. ಹಾರ್ಮೋನ್ ಅಂತೂ ಬೇಡವೇ ಬೇಡ. 1905ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಸ್ಟಾರ್ಲಿಂಗ್ ಆ ಪದ ಬಳಕೆಗೆ ತಂದದ್ದು ಗ್ರೀಕಿನ ‘ಹೊರ್ಮಾವೊ’ದಿಂದ. ಎಬ್ಬಿಸು, ಹುರಿದುಂಬಿಸು ಅಂತ ಅರ್ಥ. ಕನ್ನಡದಲ್ಲಿ ‘ಎಬ್ಬಿಸುಗ’. ಓದುಗ, ಕೇಳುಗ ಇದ್ದ ಹಾಗೆ.

ಸ್ಪಾನಿಂಗಿಗೆ ‘ಬಿತ್ತುಬಿಡಿಕೆ’. ಬೀಜ ಸಂಸ್ಕೃತ, ಬಿತ್ತು ನಮ್ಮದು. ತುಳುವಿನಲ್ಲಿ ಬಿತ್ತ್, ತಮಿಳಿನಲ್ಲಿ ವಿತ್ತು.

– ರಾ.

---

ರಾ. ಅವರೇ, ಓದುಗ, ಕೇಳುಗ ಎಲ್ಲ ಮನುಷ್ಯರು. ಎಬ್ಬಿಸುಗ ಅಂದರೆ ಬೆಳಗಿನ ಜಾವ ಬಾಗಿಲು ಬಡಿಯುವವನು.

ಅದು ಹೋಗಲಿ. ಸಿಗಡಿಯಲ್ಲಿ ಆಗುವುದೇ ಇದಕ್ಕೆ ಉಲ್ಟಾ. ಕಣ್ಣಿನ ಕಡ್ಡಿಯೊಳಗೆ ಎಕ್ಸ್ ಅಂಗ ಅಂತ ಒಂದಿದೆ. ಅಲ್ಲಿ ಹುಟ್ಟುವ ಹಾರ್ಮೋನು ಪಕ್ಕದ ಸೈನಸ್ ಗ್ರಂಥಿಯಲ್ಲಿ ಕೂತು, ಅಲ್ಲಿಂದ ರಕ್ತಕ್ಕೆ ಇಳಿಯುತ್ತದೆ. ಅದರ ಕೆಲಸ ಅಂಡಾಶಯ ಬಲಿಯದಂತೆ ತಡೆಯುವುದು. ತೊಟ್ಟಿಯಲ್ಲಿ ಸಾಕಿದ ಟೈಗರ್ ಸಿಗಡಿ ಸುಲಭಕ್ಕೆ ಬಲಿಯುವುದಿಲ್ಲ. ಅದಕ್ಕೇ ಮರಿ ಮಾಡಿಸುವ ಹ್ಯಾಚರಿಯವರು ತಾಯಿ ಸಿಗಡಿಯ ಒಂದು ಕಣ್ಣನ್ನು ಕಡ್ಡಿ ಸಮೇತ ತೆಗೆದುಬಿಡುತ್ತಾರೆ. ತಡೆ ಸಡಿಲವಾಗುತ್ತದೆ, ಅಂಡಾಶಯ ತುಂಬಿಕೊಳ್ಳುತ್ತದೆ. ಇನ್ನೊಂದು ಕಣ್ಣು ಉಳಿದಿರುತ್ತದೆ, ಅಷ್ಟರಮಟ್ಟಿಗೆ ಪುಣ್ಯ. ಒಂದು ಕಣ್ಣಿನ ಕಡ್ಡಿ ಕತ್ತರಿಸಿದರೆ ಅಂಡಾಶಯ ಬಲಿಯುತ್ತದೆ ಅಂತ ಫ್ರಾನ್ಸಿನ ವಿಜ್ಞಾನಿ ಪಾನೂಸ್ 1943ರಲ್ಲೇ ತೋರಿಸಿದ್ದರು.

ಈಗ ಹೇಳಿ, ಇದನ್ನು ‘ತಡೆಯುವ ಎಬ್ಬಿಸುಗ’ ಅನ್ನೋಣವಾ?

– ವಿ., ಮೈಸೂರು

---

ಪದದ ಹುಟ್ಟು ಒಂದು, ಬಳಕೆ ಒಂದು. ಗ್ರೀಕಿನಲ್ಲೂ ಅದು ‘ಎಬ್ಬಿಸು’ವೇ, ಆದರೂ ತಡೆಯುವುದನ್ನೂ ಹಾರ್ಮೋನ್ ಅಂತಲೇ ಕರೆಯುತ್ತಾರಲ್ಲ? ಅವರಿಗಿಲ್ಲದ ಮಡಿ ನಮಗೆ ಮಾತ್ರ ಯಾಕೆ?

– ರಾ.

---

ಈ ಮಾತು ಒಪ್ಪಿದೆ. ಎಬ್ಬಿಸುಗ ಒಪ್ಪಲಿಲ್ಲ.

– ವಿ.

---

ನಾನು ಬಳಚು ತಿಂದು ಬೆಳೆದವಳು. ಮಂಗಳೂರಿಗೆ ಬಂದ ಮೇಲೆ ಅದೇ ಮರುವಾಯಿ ಆಯಿತು, ಕೊಂಕಣಿಯವರ ಮನೆಯಲ್ಲಿ ತಿಸ್ರೆ. ಸು. ಅವರೇ, ಯಾರೋ ಬಂದು ‘ಬಳಚು ಅಲ್ಲ, ಬೆಳಚು’ ಅಂತಾರೆ, ಕಿವಿಗೆ ಹಾಕಿಕೊಳ್ಳಬೇಡಿ.

ನಮ್ಮಮ್ಮ ಚಿಪ್ಪು ಬಿಡಿಸುವಾಗ ‘ತುಂಬಿದೆ’ ಅಂತಿದ್ದರು, ಇಲ್ಲವೇ ‘ಖಾಲಿ’ ಅಂತಿದ್ದರು. ಒಳಗೆ ಕೆನೆಯಂತೆ ಉಬ್ಬಿದ್ದರೆ ತುಂಬಿದ್ದು. ನೀರಿಗೆ ಬಿಟ್ಟ ಮೇಲೆ ಸೊರಗಿ ತೆಳ್ಳಗಾದರೆ ಖಾಲಿ. ‘ಬಿಡು’ ಅನ್ನುವ ಕ್ರಿಯಾಪದ ಕೈಯಲ್ಲೇ ಇದೆ, ಅದಕ್ಕೆ ಬಾಲ ಯಾಕೆ ಕಟ್ಟುತ್ತೀರಿ? ‘ಗಂಡು ವೀರ್ಯ ಬಿಡುತ್ತದೆ, ಹೆಣ್ಣು ಮೊಟ್ಟೆ ಬಿಡುತ್ತದೆ.’ ಮುಗೀತು.

‘ಬಿತ್ತುಬಿಡಿಕೆ’ ಹಾಕಿದರೆ ಸಾಕುವವರು ತಪ್ಪು ತಿಳಿಯುತ್ತಾರೆ. ಅವರಿಗೆ ಬೀಜ, ಬಿತ್ತನೆ ಅಂದರೆ ತಂದು ಬಿಡುವ ಮರಿ. ಮೊಟ್ಟೆಯೂ ಅಲ್ಲ, ವೀರ್ಯವೂ ಅಲ್ಲ.

– ಶಾ.

---

ಹಾಗಾದರೆ ನಾಮಪದವೇ ಬೇಡವಾ? ಎಲ್ಲವನ್ನೂ ವಾಕ್ಯದಲ್ಲೇ ಹೇಳುತ್ತಾ ಹೋದರೆ ಕನ್ನಡದಲ್ಲಿ ವಿಜ್ಞಾನ ಬೆಳೆಯುವುದು ಯಾವಾಗ? ಇವತ್ತು ಹಾರ್ಮೋನು ಬಿಟ್ಟಿರಿ, ನಾಳೆ ಸ್ಪಾನಿಂಗೂ ಬರುತ್ತದೆ.

– ರಾ.

---

ಬರಲಿ ಬಿಡಿ. ಕರಾವಳಿಯಲ್ಲಿ ಪಗಾರ ಅಂತೀವಿ, ಪೋರ್ಚುಗೀಸರದು. ಕಿಟಕಿಗೆ ತುಳುನಾಡಿನವರು ಅನ್ನುವ ಜನ್ನೆಲೂ ಅವರದೇ. ಯಾರ ಮನೆಯೂ ಬಿದ್ದಿಲ್ಲ. ಥೈರಾಯ್ಡ್ ಗುಳಿಗೆ ನುಂಗುವ ನಮ್ಮತ್ತೆ ‘ಹಾರ್ಮೋನಿಂದ ಹಿಂಗಾಗಿದೆ’ ಅಂತಾರೆ. ಕೊನೆಗೆ ಉಕಾರ ಬಂತು, ವಿಭಕ್ತಿ ಹತ್ತಿತು. ಇನ್ನೇನು ಬೇಕು ಕನ್ನಡವಾಗೋಕೆ?

– ಶಾ.

---

ನಿಮ್ಮತ್ತೆಯವರು ನಿಘಂಟಲ್ಲ.

– ರಾ.

---

ನಿಘಂಟಿಗಿಂತ ಜಾಸ್ತಿ ಮಾತಾಡುತ್ತಾರೆ.

– ಶಾ.

---

ಜಗಳದ ನಡುವೆ ಒಂದು ಮಾತು. ಸು. ಅವರೇ, ಬಳಚಿನ ಫಲಕದಲ್ಲಿ ಸೆರೊಟೋನಿನ್‌ಗೆ ಸುಮ್ನೆ ಹಾರ್ಮೋನು ಅಂತ ಬರೆಯಬೇಡಿ. ಅದು ನರದ ತುದಿಯಿಂದ ಬರುವಂಥದ್ದು. ‘ನರಗಳು ಬಿಡುವ ರಾಸಾಯನಿಕ’ ಅನ್ನಿ. ಇನ್ನೊಂದು, ಅದನ್ನು ಚುಚ್ಚಿದರೆ ಬಲಿತ ಚಿಪ್ಪು ಮಾತ್ರ ಬಿಡುತ್ತದೆ. ಬಲಿಯದ್ದಕ್ಕೆ ಎಷ್ಟು ಚುಚ್ಚಿದರೂ ಏನೂ ಬರುವುದಿಲ್ಲ. ಮಕ್ಕಳು ಇದನ್ನು ಮಂತ್ರದ ಸೂಜಿ ಅಂದುಕೊಳ್ಳಬಾರದು. ಹೊಳೆಯಲ್ಲಿ ಸೂಜಿ ಎಲ್ಲಿ ಬರಬೇಕು? ನೀರಿನ ಬಿಸಿ ಏರಿಳಿದರೆ ಸಾಕು, ಪಕ್ಕದ ಚಿಪ್ಪು ವೀರ್ಯ ಬಿಟ್ಟರೂ ಸಾಕು, ಉಳಿದವೂ ಶುರುಮಾಡಬಹುದು.

ಶೀರ್ಷಿಕೆಗೆ ‘ಚಿಪ್ಪುಮೀನು’ ಹಾಕುವ ಯೋಚನೆ ಇದ್ದರೆ ಬಿಟ್ಟುಬಿಡಿ. ಬಳಚೂ ಮೀನಲ್ಲ, ಸಿಗಡಿಯೂ ಮೀನಲ್ಲ.

– ವಿ.

---

ನಕ್ಷತ್ರಮೀನೂ ಮೀನಲ್ಲ. ಅದರ ಮೇಲೆ ಯಾರೂ ಕೇಸು ಹಾಕಿಲ್ಲ.

– ಶಾ.

---

ಎಲ್ಲರಿಗೂ ಥ್ಯಾಂಕ್ಸ್. ಫ್ಲೆಕ್ಸ್ ಅಂಗಡಿಯವನು ಎರಡು ಸಲ ಫೋನ್ ಮಾಡಿದ. ಕಳಿಸಿದ್ದು ಇದು:

‘ಬಲಿತ ಬಳಚಿಗೆ ಸೆರೊಟೋನಿನ್ ಚುಚ್ಚಿದರೆ ಗಂಡು ವೀರ್ಯವನ್ನೂ ಹೆಣ್ಣು ಮೊಟ್ಟೆಯನ್ನೂ ನೀರಿಗೆ ಬಿಡುತ್ತವೆ. ಸೆರೊಟೋನಿನ್ ಅಂದರೆ ನರಗಳು ಬಿಡುವ ಒಂದು ರಾಸಾಯನಿಕ.’

‘ಸಿಗಡಿಯ ಕಣ್ಣುತೊಟ್ಟಿನಲ್ಲಿ ಹುಟ್ಟುವ ಒಂದು ಹಾರ್ಮೋನು ಅಂಡಾಶಯ ಬಲಿಯದಂತೆ ತಡೆಯುತ್ತದೆ.’

ಕಡ್ಡಿ, ಕಾಂಡ ಎರಡೂ ಬಿಟ್ಟೆ. ಬದನೆಕಾಯಿಗೆ ತೊಟ್ಟಿದ್ದ ಹಾಗೆ ಕಣ್ಣಿಗೂ ಇರಲಿ ಅಂತ. ಶೀರ್ಷಿಕೆ ‘ಬಳಚು, ಸಿಗಡಿ’ ಅಷ್ಟೇ.

– ಸು.

---

ಕಣ್ಣುತೊಟ್ಟು ಚೆನ್ನಾಗಿದೆ, ಬರೆದಿಟ್ಟುಕೊಂಡೆ. ಹಾರ್ಮೋನಿಗೆ ನನ್ನ ಒಪ್ಪಿಗೆ ಇಲ್ಲ.

– ರಾ.