ಬೇಲಿಯ ಹಲಗೆಗಳ ಅಂಚನ್ನು ನಾವೇ ಕೊರೆಯುವುದೋ, ಸಿದ್ಧವಾದವನ್ನೇ ಕೊಳ್ಳುವುದೋ?

ಬೇಲಿಯಂಚು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮನೆಯ ಒಂದು ಬದಿಗೆ ಸುಮಾರು 30 ಮೀಟರ್ ಉದ್ದದ, ಒಂದೂವರೆ ಮೀಟರ್ ಎತ್ತರದ ಮರದ ಬೇಲಿಯನ್ನು ಕಟ್ಟಬೇಕೆಂದಿದ್ದೇನೆ. ಹಲಗೆಗಳನ್ನು ಲಂಬವಾಗಿ ನಿಲ್ಲಿಸಿ, ಒಂದರ ಅಂಚು ಪಕ್ಕದ ಹಲಗೆಯ ಅಂಚಿನ ಮೇಲೆ ಕೂರುವಂತೆ ಎರಡೂ ಬದಿಗೆ ಅರ್ಧ ದಪ್ಪದ ಮೆಟ್ಟಿಲು ಕೊರೆದು, ಮುಂಭಾಗದ ಮೂಲೆಗಳನ್ನು ಸ್ವಲ್ಪ ಓರೆಯಾಗಿ ಹೆರೆಯುವ ವಿನ್ಯಾಸ ನನ್ನ ಮನಸ್ಸಿನಲ್ಲಿದೆ. ಇಂಥ ಹಲಗೆಗಳು ಸಿದ್ಧವಾಗಿಯೇ ದೊರೆಯುತ್ತವೆ. ಆದರೆ ಗರಗಸದಿಂದ ಕೊಯ್ದಷ್ಟೇ ಆದ ಒರಟು ಹಲಗೆ ಅವುಗಳಿಗಿಂತ ಅಗ್ಗವಾಗಿರುವುದರಿಂದಲೂ, ನನ್ನ ಬಳಿ ಟೇಬಲ್ ಗರಗಸ, ಮೇಜಿಗೆ ಅಳವಡಿಸಿದ ರೌಟರ್ (ತಿರುಗುವ ಕಟ್ಟರಿನಿಂದ ಅಂಚು ಕೊರೆಯುವ ಯಂತ್ರ) ಮತ್ತು ಚಿಕ್ಕದೊಂದು ಪ್ಲೇನರ್ (ಹಲಗೆಯ ಮೈ ಹೆರೆದು ನಯಗೊಳಿಸುವ ಯಂತ್ರ) ಇರುವುದರಿಂದಲೂ ನಾನೇ ಮಾಡಿಕೊಳ್ಳಬಹುದೇ ಎಂದು ಯೋಚಿಸುತ್ತಿದ್ದೇನೆ. ಈ ಕೆಲಸದ ಅನುಭವವಿರುವವರು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ಉಳಿಬಾಚಿ

ನಮಸ್ಕಾರ. ನಿರ್ಧಾರಕ್ಕೆ ಮುಂಚೆ ಕಾಗದದ ಮೇಲೆ ಒಂದು ಲೆಕ್ಕ ಹಾಕಿ ನೋಡುವುದು ಒಳ್ಳೆಯದು, ಏಕೆಂದರೆ ಈ ಕೆಲಸದಲ್ಲಿ ಕಷ್ಟವಿರುವುದು ಅಂಚು ಕೊರೆಯುವುದರಲ್ಲಿ ಅಲ್ಲ, ಅದನ್ನು ಎಷ್ಟು ಬಾರಿ ಕೊರೆಯಬೇಕಾಗುತ್ತದೆ ಎಂಬುದರಲ್ಲಿ. 100 ಮಿ.ಮೀ. ಅಗಲ, 25 ಮಿ.ಮೀ. ದಪ್ಪದ ಒರಟು ಹಲಗೆಯನ್ನು ನಾಲ್ಕೂ ಮೈ ನಯಗೊಳಿಸಿದಾಗ ಸುಮಾರು 92 ಮಿ.ಮೀ. ಅಗಲ, 20 ಮಿ.ಮೀ. ದಪ್ಪ ಉಳಿಯುತ್ತದೆ ಎಂದಿಟ್ಟುಕೊಳ್ಳಿ. ಅಂದರೆ ನೀವು ಕೊಂಡ ಮರದ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ಹೊಟ್ಟಾಗಿ ಹೋಯಿತು. ಇನ್ನು 10 ಮಿ.ಮೀ. ಮೆಟ್ಟಿಲು ಪಕ್ಕದ ಹಲಗೆಯಡಿ ಸೇರಿಕೊಳ್ಳುವುದರಿಂದ ಪ್ರತಿ ಹಲಗೆ ಬೇಲಿಯಲ್ಲಿ ಮುಚ್ಚುವ ಅಗಲ 82 ಮಿ.ಮೀ. ಮಾತ್ರ. ಆದ್ದರಿಂದ ಒರಟು ಹಲಗೆಯ ಬೆಲೆಯನ್ನು ಸಿದ್ಧ ಹಲಗೆಯ ಬೆಲೆಯೊಂದಿಗೆ ನೇರವಾಗಿ ಹೋಲಿಸದೆ, ಎರಡನ್ನೂ ಮುಚ್ಚುವ ಅಗಲದ ಲೆಕ್ಕದಲ್ಲಿ ಹೋಲಿಸಬೇಕು.

30 ಮೀಟರಿಗೆ ಇಂಥ 366 ಹಲಗೆಗಳು ಬೇಕು; ಒಟ್ಟು ಉದ್ದ ಸುಮಾರು 550 ಮೀಟರ್. ಎರಡು ಮುಖ, ಎರಡು ಅಂಚು, ಎರಡು ಮೆಟ್ಟಿಲು, ಎರಡು ಓರೆ ಎಂದು ಪ್ರತಿ ಹಲಗೆ ಯಂತ್ರದ ಮೂಲಕ ಕನಿಷ್ಠ ಎಂಟು ಬಾರಿ ಹೋಗಬೇಕಾದರೆ, ನಿಮ್ಮ ಕೈಯಿಂದ ಸಾಗುವ ಮರದ ಒಟ್ಟು ಉದ್ದ ನಾಲ್ಕು ಕಿಲೋಮೀಟರಿಗೂ ಮಿಕ್ಕುತ್ತದೆ. ಕಾರ್ಖಾನೆಯ ಯಂತ್ರದಲ್ಲಿ ಹಲಗೆಯ ನಾಲ್ಕೂ ಬದಿಗೆ ತಿರುಗುವ ಕಟ್ಟರುಗಳಿದ್ದು, ಇದೇ ಕೆಲಸ ಒಂದೇ ಸಲಕ್ಕೆ ಮುಗಿದು ಸಿದ್ಧ ರೂಪದ ಹಲಗೆ ಹೊರಬರುತ್ತದೆ. ಬೆಲೆಯ ವ್ಯತ್ಯಾಸಕ್ಕೆ ಮುಖ್ಯ ಕಾರಣವೇ ಇದು.

ಹಾಗೆಂದು ಸ್ವಂತವಾಗಿ ಮಾಡಲೇಬಾರದು ಎಂದು ನಾನು ಹೇಳುವುದಿಲ್ಲ. ಹಳೆಯ ಬೇಲಿಯ ಅಂಚಿಗೆ ಹೊಂದುವ ನಾಲ್ಕಾರು ಹಲಗೆಗಳು ಬೇಕಾದಾಗ, ಅಥವಾ ಅಂಗಡಿಯಲ್ಲಿ ಸಿಗದ ಅಗಲವೋ ಆಕಾರವೋ ಬೇಕಾದಾಗ, ಅದಕ್ಕಿಂತ ಉತ್ತಮ ದಾರಿ ಬೇರೊಂದಿಲ್ಲ. ಮರವನ್ನು ನಾವೇ ಆರಿಸಿಕೊಳ್ಳಬಹುದೆಂಬುದೂ ಸಣ್ಣ ಲಾಭವಲ್ಲ.

ಚೇಗು

ಉಳಿಬಾಚಿಯವರ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ನನ್ನ ದೃಷ್ಟಿಯಲ್ಲಿ ಯಂತ್ರಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಮರ ಎಷ್ಟು ಒಣಗಿದೆ ಎಂಬುದು. ತೇವಾಂಶವು ಸುಮಾರು 30 ಪ್ರತಿಶತಕ್ಕಿಂತ ಕೆಳಗಿಳಿಯುವಾಗ ಮರ ಕುಗ್ಗಲು ಆರಂಭಿಸುತ್ತದೆ. ಅದೂ ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಅಲ್ಲ. ವಾರ್ಷಿಕ ಉಂಗುರದ ಸುತ್ತಿಗೆ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ದಿಕ್ಕಿಗೆ ಆಗುವುದರ ಸುಮಾರು ಎರಡರಷ್ಟು ಇರುತ್ತದೆ. ಹಸಿ ಹಲಗೆಗೆ ಅಂಚು ಕೊರೆದರೆ ನೀವು ಎಷ್ಟೇ ನೇರವಾಗಿ ಕೊರೆದಿದ್ದರೂ ಅದು ಒಣಗುತ್ತ ಬಾಗಿ, ಮೆಟ್ಟಿಲುಗಳು ಒಂದರ ಮೇಲೊಂದು ಕೂರದಂತಾಗುತ್ತದೆ. ನೆರಳಿನಲ್ಲಿ, ಹಲಗೆಗಳ ನಡುವೆ ಪಟ್ಟಿಗಳನ್ನಿಟ್ಟು ಗಾಳಿಯಾಡುವಂತೆ ಪೇರಿಸಿ ಒಣಗಿಸುವುದಾದರೆ 25 ಮಿ.ಮೀ. ದಪ್ಪಕ್ಕೆ ಸುಮಾರು ಒಂದು ವರ್ಷ ಎಂಬುದು ಬಡಗಿಗಳ ಹಳೆಯ ಅಂದಾಜು. ಮರದ ಜಾತಿ ಮತ್ತು ಹವೆಯನ್ನು ಅನುಸರಿಸಿ ಇದು ಬದಲಾಗುತ್ತದೆಯಾದರೂ, ಈ ಅವಧಿಗೆ ಸ್ಥಳವೂ ತಾಳ್ಮೆಯೂ ಇಲ್ಲದವರು ಒರಟು ಹಸಿ ಮರವನ್ನು ಕೊಳ್ಳದಿರುವುದೇ ಲೇಸು.

ಒಣಗಿದ ಮೇಲೂ ಮರ ಸುಮ್ಮನಿರುವುದಿಲ್ಲ. ಸಾಮಾನ್ಯ ಜಾತಿಯ ಮರದಲ್ಲಿ ತೇವಾಂಶ ಒಂದು ಪ್ರತಿಶತ ಬದಲಾದರೆ ಅಗಲವು ಹೆಚ್ಚುಕಡಿಮೆ ಕಾಲು ಪ್ರತಿಶತ ಬದಲಾಗುತ್ತದೆ. ಬೇಸಿಗೆಯ 12 ಪ್ರತಿಶತದಿಂದ ಮಳೆಗಾಲದ 20 ಪ್ರತಿಶತಕ್ಕೆ ಏರಿದರೆ ನಿಮ್ಮ 92 ಮಿ.ಮೀ. ಹಲಗೆ ಸುಮಾರು 2 ಮಿ.ಮೀ. ಹಿಗ್ಗುತ್ತದೆ. 10 ಮಿ.ಮೀ. ಮೆಟ್ಟಿಲಿಗೆ ಈ ಚಲನೆ ಹೊರೆಯಲ್ಲ. ಹಾಗಾಗಿ ಒಂದು ಹಲಗೆಯ ಅಂಚಿನ ನಾಲಗೆ ಪಕ್ಕದ ಹಲಗೆಯ ತೋಡಿನೊಳಗೆ ಸೇರುವ ಬಿಗಿ ಜೋಡಣೆಗಿಂತ ನೀವು ಆರಿಸಿಕೊಂಡ ವಿನ್ಯಾಸವೇ ಬೇಲಿಗೆ ಹೆಚ್ಚು ಯೋಗ್ಯವೆಂದು ನಾನು ಭಾವಿಸುತ್ತೇನೆ. ಒಣ ಕಾಲದಲ್ಲಿ ಕಟ್ಟುವುದಾದರೆ ಎರಡು ಹಲಗೆಗಳ ನಡುವೆ 2–3 ಮಿ.ಮೀ. ಸಂದು ಬಿಡಿ. ಸ್ಕ್ರೂ ಮೆಟ್ಟಿಲಿನಲ್ಲಿ ಎರಡೂ ಹಲಗೆಗಳನ್ನು ಒಟ್ಟಿಗೆ ಬಿಗಿಯದೆ ಒಂದನ್ನು ಮಾತ್ರ ಹಿಡಿಯುವಂತಿರಲಿ. ಇಲ್ಲವಾದರೆ ಹಲಗೆ ಚಲಿಸಲಾರದೆ ಸೀಳುತ್ತದೆ.

ಇನ್ನೊಂದು ಮುಖ್ಯ ವಿಚಾರ, ಗೆದ್ದಲು ಮತ್ತು ಕೊಳೆತದಿಂದ ರಕ್ಷಣೆ. ಒತ್ತಡದಲ್ಲಿ ಸಂರಕ್ಷಕ ದ್ರಾವಣ ತುಂಬಿಸಿದ ಮರದಲ್ಲಿ ಅದು ಹೊರಗಿನ ಬಿಳಿ ಮರಕ್ಕೆ ಇಳಿಯುತ್ತದೆಯೇ ಹೊರತು ಒಳಗಿನ ಚೇಗಿಗೆ ಅಷ್ಟಾಗಿ ಇಳಿಯುವುದಿಲ್ಲ. ಅಂಥ ಹಲಗೆಯನ್ನು ತಂದು ನೀವು ಮೆಟ್ಟಿಲು ಕೊರೆದರೆ ರಕ್ಷಣೆಯಿದ್ದ ಪದರವೇ ಕತ್ತರಿಸಿ ಹೋಗಿ, ನೀರು ನಿಲ್ಲುವ ಜಾಗದಲ್ಲೇ ಬರಿ ಮರ ಹೊರಗೆ ಬರುತ್ತದೆ. ಸಿದ್ಧ ಹಲಗೆಯ ದೊಡ್ಡ ಅನುಕೂಲವೆಂದರೆ, ಆಕಾರ ಕೊಟ್ಟ ನಂತರ ದ್ರಾವಣ ತುಂಬಿಸಿದ ಹಲಗೆ ಸಿಗುತ್ತದೆ ಎಂಬುದು. ಕೊಳ್ಳುವಾಗ ಯಾವುದು ಮೊದಲು, ಯಾವುದು ನಂತರ ಎಂದು ಕೇಳಿ ತಿಳಿದುಕೊಳ್ಳಿ.

ಬೇಲಿಯಂಚು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನಾಲ್ಕು ಕಿಲೋಮೀಟರಿನ ಲೆಕ್ಕ ನನಗೆ ತೋಚಿರಲಿಲ್ಲ. ಹಾಗಾದರೆ ಚೆನ್ನಾಗಿ ಒಣಗಿದ, ನಾಲ್ಕೂ ಬದಿ ನಯಗೊಳಿಸಿದ, ಆದರೆ ಸಂರಕ್ಷಕ ಹಾಕದ ಸಾದಾ ಹಲಗೆಯನ್ನು ಕೊಂಡು, ಮೆಟ್ಟಿಲು ಮತ್ತು ಓರೆಗಳನ್ನು ಮಾತ್ರ ನಾನು ಕೊರೆದುಕೊಂಡರೆ ಹೇಗೆ? ಬಾಳಿಕೆಯ ಮರದ ಚೇಗಿನ ಭಾಗವೇ ದೊರೆಯುವಂತಿದೆ.

ಉಳಿಬಾಚಿ

ಅದು ವಿವೇಕದ ದಾರಿ. ಎಂಟು ಸಾಗಾಟದಲ್ಲಿ ನಾಲ್ಕು ತಪ್ಪುತ್ತವೆ. ಉಳಿದವು ರೌಟರಿಗೆ ಹೇಳಿ ಮಾಡಿಸಿದ ಕೆಲಸ. ಕೊಳ್ಳುವಾಗ ಕೆಲವು ಹಲಗೆಗಳ ದಪ್ಪ ಅಳೆದು ನೋಡಿ. ದಪ್ಪ ಏರುಪೇರಾಗಿದ್ದರೆ ಜೋಡಿಸಿದಾಗ ಮುಂಭಾಗಗಳು ಒಂದೇ ಮಟ್ಟಕ್ಕೆ ಬರುವುದಿಲ್ಲ. ಅರ್ಧ ಮಿಲಿಮೀಟರಿನಷ್ಟು ವ್ಯತ್ಯಾಸವನ್ನು ನಿಮ್ಮ ಓರೆ ಅಂಚು ಮರೆಮಾಚುತ್ತದೆ, ಅದಕ್ಕಿಂತ ಹೆಚ್ಚಿನದನ್ನು ಮರೆಮಾಚುವುದಿಲ್ಲ. ಯಂತ್ರವನ್ನು ಒಮ್ಮೆ ಹೊಂದಿಸಿದ ಮೇಲೆ ಅದೇ ಹೊಂದಿಕೆಯಲ್ಲಿ ಎಲ್ಲ ಹಲಗೆಗಳ ಒಂದು ಬದಿಯನ್ನು ಮುಗಿಸಿ, ಮುಂದೆ ದುರಸ್ತಿಗೆ ಬೇಕಾಗುವ ಕೆಲವು ಹೆಚ್ಚುವರಿ ಹಲಗೆಗಳನ್ನೂ ಆಗಲೇ ಕೊರೆದಿಟ್ಟುಕೊಳ್ಳಿ. ತಿಂಗಳುಗಳ ನಂತರ ಅದೇ ಆಳಕ್ಕೆ ಮತ್ತೆ ಹೊಂದಿಸುವುದು ಬಹಳ ಕಷ್ಟ.

ಕಾರ್ಬೈಡ್ ತುದಿಯ ಕಟ್ಟರನ್ನೇ ಬಳಸಿ. ತೇಗದಂಥ ಮರದಲ್ಲಿ ಸಿಲಿಕಾ ಇರುವುದರಿಂದ ಸಾಮಾನ್ಯ ಉಕ್ಕಿನ ಅಲಗು ಬೇಗನೆ ಮೊಂಡಾಗುತ್ತದೆ. ಹಲಗೆಯನ್ನು ಯಾವಾಗಲೂ ಕಟ್ಟರ್ ತಿರುಗುವ ದಿಕ್ಕಿಗೆ ಎದುರಾಗಿಯೇ ತಳ್ಳಬೇಕು. ಅದೇ ದಿಕ್ಕಿಗೆ ತಳ್ಳಿದರೆ ಯಂತ್ರ ಹಲಗೆಯನ್ನು ಕೈಯಿಂದ ಕಸಿದುಕೊಂಡು ಎಸೆಯುತ್ತದೆ. ಕೊನೆಯ ಭಾಗವನ್ನು ಬೆರಳಿನಿಂದಲ್ಲ, ತಳ್ಳುಕೋಲಿನಿಂದ ದಾಟಿಸಿ. ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೆಯ ಗುಂಪಿನಲ್ಲಿ ಸೇರಿಸಿದೆ. ಇಷ್ಟೊಂದು ಹಲಗೆ ಕೊರೆಯುವಾಗ ಮುಖಕ್ಕೆ ಒಳ್ಳೆಯ ಮಾಸ್ಕ್ ಮತ್ತು ಧೂಳು ಹೀರುವ ವ್ಯವಸ್ಥೆ ಇರಲೇಬೇಕು.

ಚೇಗು

ಒಂದೆರಡು ಮಾತು ಸೇರಿಸುತ್ತೇನೆ. ಚೂಪಾದ ಮೂಲೆಯ ಮೇಲೆ ಬಣ್ಣದ ಪದರ ತೆಳುವಾಗಿ ನಿಂತು ಅಲ್ಲಿಂದಲೇ ಕಳಚಲು ಆರಂಭಿಸುವುದರಿಂದ ಓರೆಯ ಅಂಚುಗಳನ್ನು ಮರಳು ಕಾಗದದಿಂದ ಸ್ವಲ್ಪ ದುಂಡಾಗಿಸಿ. ಹಲಗೆಯ ಕೆಳತುದಿ ನೆಲದಿಂದ ಕನಿಷ್ಠ 50 ಮಿ.ಮೀ. ಮೇಲಿರಲಿ. ಕೊಯ್ದ ತುದಿಗಳು ಮೈಗಿಂತ ಎಷ್ಟೋ ಪಟ್ಟು ಬೇಗ ನೀರು ಹೀರುವುದರಿಂದ ಅವಕ್ಕೆ ಎಣ್ಣೆಯನ್ನೋ ಬಣ್ಣವನ್ನೋ ಸಾಕೆನಿಸುವಷ್ಟು ಕುಡಿಸಿ. ಮೆಟ್ಟಿಲುಗಳಿಗೆ ಬಣ್ಣ ಹಚ್ಚುವ ಕೆಲಸ ಹಲಗೆಗಳನ್ನು ಜೋಡಿಸುವ ಮೊದಲೇ ಮುಗಿದಿರಬೇಕು. ಜೋಡಿಸಿದ ಮೇಲೆ ಹಚ್ಚಿದರೆ ಮುಂದಿನ ಬೇಸಿಗೆಯಲ್ಲಿ ಹಲಗೆ ಕುಗ್ಗಿದಾಗ ಪ್ರತಿ ಸಂದಿನಲ್ಲೂ ಬಣ್ಣವಿಲ್ಲದ ಗೆರೆಯೊಂದು ಹೊರಗೆ ಕಾಣಿಸುತ್ತದೆ, ಮತ್ತು ಅಲ್ಲಿಗೆ ಕುಂಚ ಹೋಗುವುದಿಲ್ಲ.